ನನ್ನ ಹತ್ರ ಒಂದೂ ಕಷ್ಟ ಇಲ್ಲ

"ಅಪ್ಪಾ, ನಿನ್ನ ಚಿಕ್ಕಂದಿನ ಕಷ್ಟ ಒಂದು ಕೊಡು. ನನ್ನ ಹತ್ರ ಒಂದೂ ಇಲ್ಲ."

ಕಳೆದ ಶನಿವಾರ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ. ಏಳನೇ ತರಗತಿಯ ಮಗಳು ಅಡುಗೆಮನೆಯ ಮೇಜಿನ ಮೇಲೆ ನೋಟ್‌ಬುಕ್ ಹರಡಿಕೊಂಡು ಪೆನ್ಸಿಲ್ ಕಚ್ಚುತ್ತಿದ್ದಳು. ಉಪ್ಪಿನಕಾಯಿ ಕೇಳಿದಷ್ಟು ಸಲೀಸಾಗಿ ಕಷ್ಟ ಕೇಳಿದಳು. ನಾನು ನಗುವಷ್ಟರಲ್ಲಿ ದೋಸೆ ಸೀದಿತ್ತು.

ಮುಂದಿನ ವರ್ಷ ಅವಳು ಟಿಜೆಗೆ ಅರ್ಜಿ ಹಾಕಬೇಕು. ಥಾಮಸ್ ಜೆಫರ್ಸನ್ ಹೈಸ್ಕೂಲ್ ಫಾರ್ ಸೈನ್ಸ್ ಅಂಡ್ ಟೆಕ್ನಾಲಜಿ ಅಂತ ಪೂರ್ತಿ ಹೆಸರು. ನಾವಿರುವ ಅಮೆರಿಕದಲ್ಲಿ, ಫೇರ್‌ಫ್ಯಾಕ್ಸ್ ಕೌಂಟಿಯ ಸರ್ಕಾರಿ ಶಾಲೆ, ವರ್ಷಕ್ಕೆ ಸುಮಾರು 550 ಸೀಟು. ಉತ್ತರ ವರ್ಜೀನಿಯಾದಲ್ಲಿ ನಮ್ಮವರು ಯುಗಾದಿ ಊಟಕ್ಕೆ ಕೂತರೂ ಒಬ್ಬಟ್ಟಿಗೆ ಮೊದಲು ಟಿಜೆ ಮಾತು ಬಡಿಸುತ್ತಾರೆ. ಅರ್ಜಿಯಲ್ಲಿ ಮಗು ತನ್ನ ಬಗ್ಗೆ ಬರೆಯಬೇಕು. ಎಡವಿದಾಗ ಹೇಗೆ ಎದ್ದೆ ಅನ್ನುವ ತರಹದ್ದು. ನಮ್ಮ ಮಗಳು ಎಡವಿದ್ದು ಅಂದರೆ ಐಸ್ ಸ್ಕೇಟಿಂಗ್‌ನಲ್ಲಿ ಮಾತ್ರ.

ಮೊದಲು ಹೀಗಿರಲಿಲ್ಲ. ಪರೀಕ್ಷೆ ಇತ್ತು, 100 ಡಾಲರ್ ಅರ್ಜಿ ಶುಲ್ಕ ಇತ್ತು. 2020ರ ಕೊನೆಯಲ್ಲಿ ಎರಡನ್ನೂ ತೆಗೆದರು. ಈಗ ಪ್ರತಿ ಮಿಡಲ್ ಸ್ಕೂಲಿನ ಎಂಟನೇ ತರಗತಿಯಿಂದ ಶೇ 1.5ರಷ್ಟು ಮಕ್ಕಳಿಗೆ ಸೀಟು ಮೀಸಲು. ಉಳಿದ ಸೀಟಿಗೆ ಎಲ್ಲರ ಪೈಪೋಟಿ. ಅಂಕ, ಪ್ರಬಂಧದ ಜೊತೆಗೆ ಮನೆಯಲ್ಲಿ ಬಡತನ ಇದೆಯಾ, ಮಗು ಇಂಗ್ಲಿಷ್ ಹೊಸದಾಗಿ ಕಲಿಯುತ್ತಿದೆಯಾ, ಇವನ್ನೂ ನೋಡುತ್ತಾರೆ. ಓದಿ ಅಂಕ ಕೊಡುವವರಿಗೆ ಮಗುವಿನ ಹೆಸರೂ ಗೊತ್ತಿರುವುದಿಲ್ಲ, ಜನಾಂಗವೂ ಗೊತ್ತಿರುವುದಿಲ್ಲ.

ಆದರೂ ಮೊದಲ ವರ್ಷವೇ ಏಷ್ಯನ್ ಮಕ್ಕಳ ಪಾಲು ಶೇ 73ರಿಂದ 54ಕ್ಕೆ ಇಳಿಯಿತು. ಕೆಲವು ಪೋಷಕರು ಕೋರ್ಟಿಗೆ ಹೋದರು. ಒಂದು ಕಡೆ ಗೆದ್ದರು, ಮೇಲಿನ ಕೋರ್ಟಿನಲ್ಲಿ ಸೋತರು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೇಸು ಕೈಗೆತ್ತಿಕೊಳ್ಳಲಿಲ್ಲ. ಆ ಕೇಸು ಅಲ್ಲಿಗೆ ಮುಗಿಯಿತು. ಊಟದ ಮೇಜುಗಳಲ್ಲಿ ಮಾತ್ರ ವಾದ ಇನ್ನೂ ನಡೆಯುತ್ತಿದೆ.

"ಊರಲ್ಲಿ ರಿಸರ್ವೇಶನ್ ಅಂತ ಇಲ್ಲಿಗೆ ಬಂದ್ವಿ. ಇಲ್ಲೂ ಅದೇ ಬೆನ್ನು ಹತ್ತಿತಲ್ರೀ!" ಅಂತ ನಮ್ಮ ಬೀದಿಯ ತುಮಕೂರಿನವರು ಹೇಳಿದಾಗ ನಾನೂ ತಲೆಯಾಡಿಸಿದ್ದೆ. ಅವರ ಸಿಟ್ಟು ಪೂರ್ತಿ ಸುಳ್ಳೂ ಅಲ್ಲ. ಗಣಿತದ ಹುಚ್ಚಿರುವ ಮಕ್ಕಳೇ ತುಂಬಿರುವ ಶಾಲೆಯಲ್ಲಿ ಇಪ್ಪತ್ತನೆಯವನಾಗಿರುವುದು ಒಂದು ಮಗುವಿನ ತಪ್ಪಾ? ಹದಿಮೂರು ವರ್ಷದ ಹುಡುಗಿ ಕಷ್ಟ ಹುಡುಕಿಕೊಂಡು ಅಪ್ಪನ ಹತ್ತಿರ ಬರುವುದೂ ನನಗೆ ಹಿಡಿಸಲಿಲ್ಲ. ಮೊದಲು ಲೆಕ್ಕಕ್ಕೆ ಕೋಚಿಂಗ್ ಕೊಡುತ್ತಿದ್ದವರು ಈಗ ಪ್ರಬಂಧಕ್ಕೆ ಕೊಡುತ್ತಾರೆ, ಅಷ್ಟೇ.

ಆದರೆ ಇನ್ನೊಂದು ಅಂಕಿ ಇದೆ. ಊಟದ ಮೇಜಿನಲ್ಲಿ ಅದನ್ನು ಯಾರೂ ಎತ್ತುವುದಿಲ್ಲ. 2020ರಲ್ಲಿ ಆಯ್ಕೆಯಾದವರಲ್ಲಿ ಬಡ ಮನೆಯ ಮಕ್ಕಳು ಶೇ 1ರಷ್ಟೂ ಇರಲಿಲ್ಲ. ಮರುವರ್ಷ ಶೇ 25 ಆದರು. ಅದರಲ್ಲೂ ಬಡ ಏಷ್ಯನ್ ಮಕ್ಕಳ ಲೆಕ್ಕ ನೋಡಿ: ಹಿಂದಿನ ವರ್ಷ ಒಬ್ಬರು, ಆ ವರ್ಷ 51 ಜನ. ಏಷ್ಯನ್ನರು ಅಂದರೆ ಒಬ್ಬಟ್ಟು ತಿನ್ನುವ ನಾವು ಮಾತ್ರ ಅಂದುಕೊಂಡಿದ್ದೆನಲ್ಲ!

ಇರಲಿ. ಮಗಳಿಗೆ ಕಷ್ಟ ಬೇಕಿತ್ತು. ನನ್ನ ನವೋದಯದ ಕಥೆ ಹೇಳಿದೆ.

ನವೋದಯ ಅಂದರೆ ಪರೀಕ್ಷೆ ಬರೆದು ಆರನೇ ತರಗತಿಗೆ ಸೇರುವ ಕೇಂದ್ರ ಸರ್ಕಾರದ ವಸತಿ ಶಾಲೆ. ಅಲ್ಲಿ ನೂರಕ್ಕೆ ಕನಿಷ್ಠ 75 ಸೀಟು ಹಳ್ಳಿ ಮಕ್ಕಳಿಗೆ. ಆ ಸೀಟು ಬೇಕಾದರೆ ಮೂರು, ನಾಲ್ಕು, ಐದನೇ ತರಗತಿ ಹಳ್ಳಿ ಶಾಲೆಯಲ್ಲೇ ಓದಿರಬೇಕು. ನಮ್ಮ ಮನೆ ಇದ್ದದ್ದು ತಾಲೂಕು ಕೇಂದ್ರದಲ್ಲಿ. ಮೇಷ್ಟರಾಗಿದ್ದ ಅಪ್ಪನಿಗೆ ನಿಯಮ ಗೊತ್ತಿತ್ತು. ಮೂರನೇ ತರಗತಿಗೆ ನನ್ನನ್ನು ಎಂಟು ಕಿಲೋಮೀಟರ್ ದೂರದ ಹಳ್ಳಿ ಶಾಲೆಗೆ ಸೇರಿಸಿದರು. ಮಳೆಯಲ್ಲಿ ಸೈಕಲ್, ಕೆಸರು, ರಾತ್ರಿ ಲಾಟೀನಿನಲ್ಲಿ ಅಪ್ಪನ ಲೆಕ್ಕದ ಪಾಠ. ಎಲ್ಲವನ್ನೂ ಸ್ವಲ್ಪ ಒಗ್ಗರಣೆ ಹಾಕಿಯೇ ಹೇಳಿದೆ. ಕರೆಂಟಿದ್ದ ಮನೆಯಲ್ಲಿ ಲಾಟೀನು ಎಷ್ಟು ರಾತ್ರಿ ಉರಿದೀತು?

ಹೇಳುತ್ತ ಹೇಳುತ್ತ ಆ ಹುಡುಗನೂ ಬಂದ. ನನ್ನ ಪಕ್ಕ ಕೂರುತ್ತಿದ್ದವನು. ಅವರಮ್ಮ ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದರು. ಬಡ್ಡಿ ಲೆಕ್ಕವನ್ನು ನಾನು ಪಾಟಿಯ ಮೇಲೆ ಬರೆಯುವಷ್ಟರಲ್ಲಿ ಅವನು ಬಾಯಲ್ಲೇ ಹೇಳಿಬಿಡುತ್ತಿದ್ದ. ಅಪ್ಪನ ಪಾಠಕ್ಕಿಂತ ಜಾಸ್ತಿ ಲೆಕ್ಕ ನಾನು ಅವನಿಂದ ಕಲಿತೆ. ನವೋದಯದ ಫಾರಂಗೆ ಫೋಟೊ ಬೇಕಿತ್ತು, ಸ್ಟುಡಿಯೊ ಇದ್ದದ್ದು ಪೇಟೆಯಲ್ಲಿ. ಅವರಮ್ಮನಿಗೆ ಬಿಡುವಾಗುವಷ್ಟರಲ್ಲಿ ಕೊನೆಯ ದಿನ ದಾಟಿತ್ತು. ನನ್ನ ಫಾರಂ ಅಪ್ಪ ಹದಿನೈದು ದಿನ ಮೊದಲೇ ತುಂಬಿ ಕಳಿಸಿದ್ದರು. ನಮ್ಮ ಶಾಲೆಯಿಂದ ಸೀಟು ಸಿಕ್ಕಿದ್ದು ನನಗೊಬ್ಬನಿಗೆ.

ಮಗಳು ಪೆನ್ಸಿಲ್ ಕೆಳಗಿಟ್ಟಳು. "ಅಪ್ಪಾ, ನೀನು ಹಳ್ಳಿಯವನೇ ಅಲ್ವಲ್ಲ?"

"ಶಾಲೆ ಹಳ್ಳಿಯದ್ದಲ್ವಾ ಪುಟ್ಟಿ."

"ಹಾಗಾದ್ರೆ ಇದು ಅವನ ಕಷ್ಟ. ನಿನ್ನದನ್ನ ಹೇಳು."

ಹಂಚಿನ ಮೇಲೆ ಇನ್ನೊಂದು ದೋಸೆ ಹೊಗೆಯಾಡಿತು. ಎತ್ತುವ ನೆಪದಲ್ಲಿ ಆ ಕಡೆ ತಿರುಗಿದೆ. ಟಿಜೆಯ ಹಾಗೆ ಪ್ರತಿ ಶಾಲೆಯಿಂದ ಮೊದಲಿಗನನ್ನು ಆರಿಸುವ ನಿಯಮ ಆಗ ನಮ್ಮಲ್ಲಿದ್ದಿದ್ದರೆ ಆ ಹಳ್ಳಿ ಶಾಲೆಯ ಮೇಷ್ಟರು ಯಾರ ಹೆಸರು ಬರೆಯುತ್ತಿದ್ದರು ಅಂತ ನನಗೆ ಚೆನ್ನಾಗಿ ಗೊತ್ತು. ತುಮಕೂರಿನವರ ಮುಂದೆ ತಲೆಯಾಡಿಸುವಾಗ ಅದು ನೆನಪಾಗಿರಲಿಲ್ಲ.

ಕೊನೆಗೆ ಅವಳು ಸ್ಕೇಟಿಂಗ್‌ನಲ್ಲಿ ಬಿದ್ದದ್ದನ್ನೇ ಬರೆದಳು. ಚೆನ್ನಾಗಿಯೇ ಬರೆದಿದ್ದಾಳೆ, ಓದಿದರೆ ನಗು ಬರುತ್ತದೆ.

ಭಾನುವಾರ ಅಮ್ಮನಿಗೆ ಫೋನ್ ಮಾಡಿದಾಗ ಆ ಹುಡುಗ ಎಲ್ಲಿದ್ದಾನೆ ಅಂತ ಕೇಳಿದೆ. ಮೂವತ್ತು ವರ್ಷದಲ್ಲಿ ಇದೇ ಮೊದಲು. ಮಾರ್ಕೆಟ್ಟಿನಲ್ಲಿ ಈರುಳ್ಳಿ ಮಂಡಿಯಲ್ಲಿ ಲೆಕ್ಕ ಬರೀತಾನಂತೆ, ಮಗಳನ್ನು ಈ ಸಲ ನವೋದಯ ಪರೀಕ್ಷೆಗೆ ಕೂರಿಸಿದ್ದಾನಂತೆ.

"ಯಾಕೋ, ಈಗ ಇದ್ದಕ್ಕಿದ್ದಂಗೆ ಅವನ ನೆನಪು?" ಅಂದರು ಅಮ್ಮ.

"ಸುಮ್ನೆ," ಅಂದೆ.