ಸಾಕ್ರಟೀಸ್‌ಗೆ ನಾನು ಕೊಟ್ಟ 9 ಅಂಕ

ಶಾಲೆಯೊಂದರ ಚರ್ಚಾ ಸ್ಪರ್ಧೆಗೆ ತೀರ್ಪುಗಾರಳಾಗಿ ಬನ್ನಿ ಅಂತ ಕರೆದಾಗ, ವಿಷಯ ಏನು ಅಂತ ಕೇಳಿದೆ. "ಇಂದಿನ ಹದಿಹರೆಯದವರು ನೈತಿಕ ಮೌಲ್ಯಗಳನ್ನು ಕಳೆದುಕೊಳ್ಳುತ್ತಿದ್ದಾರೆ" ಅಂದರು. ನಗು ಬಂತು. ಒಂಬತ್ತನೇ ತರಗತಿಯಲ್ಲಿದ್ದಾಗ ನಾನೂ ಇದೇ ವಿಷಯದ ಮೇಲೆ ಮಾತಾಡಿದ್ದೆ. ಆಗ ಮೊಬೈಲಿನ ಜಾಗದಲ್ಲಿ ಟಿ.ವಿ. ಇತ್ತು. ಮಿಕ್ಕಿದ್ದೆಲ್ಲ ಡಿಟ್ಟೋ.

ಹೋದೆ. ಮೇಜಿನ ಮೇಲೆ ಒಂದು ಪೆನ್ನು, ಅಂಕಪಟ್ಟಿ ಇಟ್ಟಿದ್ದರು. ಪಟ್ಟಿಯಲ್ಲಿ ನಾಲ್ಕು ಕಾಲಂ: ವಿಷಯ, ಭಾಷೆ, ನಿರೂಪಣೆ, ಖಂಡನೆ. ಒಂದೊಂದಕ್ಕೂ 10 ಅಂಕ. ಮಾತಾಡುವವರು ಎಂಟು ಜನ. ಪರವಾಗಿ ನಾಲ್ಕು, ವಿರುದ್ಧವಾಗಿ ನಾಲ್ಕು.

ಮೊದಲ ಮೂರ್ನಾಲ್ಕು ಭಾಷಣಗಳ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ. ಮೊಬೈಲು, ಮಾದಕ ವಸ್ತು, ಹಿರಿಯರಿಗೆ ಗೌರವ ಇಲ್ಲ, ಪರೀಕ್ಷೆಯಲ್ಲಿ ನಕಲು. ಮುಂದಿನ ವಾಕ್ಯ ಏನು ಅಂತ ನನಗೆ ಮೊದಲೇ ಗೊತ್ತಾಗುತ್ತಿತ್ತು. ಅವರವರ ಮನೆಯಲ್ಲಿ ದೊಡ್ಡವರು ಬೈಯುವ ಮಾತನ್ನೇ ಮಕ್ಕಳು ಬಾಯಿಪಾಠ ಮಾಡಿಕೊಂಡು ಬಂದ ಹಾಗಿತ್ತು.

ಐದನೆಯವನು ನೀಲಿ ಫೈಲ್ ಹಿಡಿದುಕೊಂಡಿದ್ದ ಹುಡುಗ. 15 ವರ್ಷ ಇರಬಹುದು. ಪರವಾಗಿ ಮಾತಾಡುವವನು. ಫೈಲನ್ನು ತೆರೆಯಲೇ ಇಲ್ಲ. ಮೈಕಿಗಿಂತ ಉದ್ದ ಇದ್ದ. ಅದನ್ನು ಮೇಲೆತ್ತಿಕೊಳ್ಳದೆ ತಾನೇ ಬಗ್ಗಿ ನಿಂತು ಶುರು ಮಾಡಿದ.

"ನಮ್ಮ ಕ್ಲಾಸಿನ ಗ್ರೂಪಿನಲ್ಲಿ ಒಂದು ಸ್ಕ್ರೀನ್‌ಶಾಟ್ ಬಂತು. ಒಬ್ಬಳು ಒಬ್ಬನಿಗೆ ಕಳಿಸಿದ್ದ ಮೆಸೇಜು. ಅದು ಅವರಿಬ್ಬರ ಮಧ್ಯೆ ಇರಬೇಕಾಗಿದ್ದು. ಗ್ರೂಪಿನಲ್ಲಿ 40 ಜನ ಇದ್ದೇವೆ. ಎಲ್ಲರೂ ನೋಡಿದರು. ಕೆಲವರು ನಗುವ ಮುಖ ಹಾಕಿದರು. ನಾನು ಹಾಕಲಿಲ್ಲ. ಆದರೆ ಡಿಲೀಟ್ ಮಾಡು ಅಂತಲೂ ಹೇಳಲಿಲ್ಲ. ಅವಳು ನಾಲ್ಕು ದಿನ ಶಾಲೆಗೆ ಬರಲಿಲ್ಲ."

ಅಲ್ಲಿಗೆ ನಿಂತುಬಿಟ್ಟ. ಎಂಟು ಹತ್ತು ಸೆಕೆಂಡ್ ಏನೂ ಹೇಳಲಿಲ್ಲ. ಆಮೇಲೆ, "ಅದಕ್ಕೇ ನಾನು ಈ ವಿಷಯವನ್ನು ಒಪ್ಪುತ್ತೇನೆ" ಅಂತ ಹೇಳಿ ಕೆಳಗಿಳಿದ. ಇನ್ನೂ ಒಂದೂವರೆ ನಿಮಿಷ ಬಾಕಿ ಇತ್ತು.

ನಿರೂಪಣೆ ಕಾಲಮಿನಲ್ಲಿ ನಾನು 5 ಬರೆದೆ.

ಬರೆಯುವಾಗ ಒಂದು ಹಳೆಯ ಮುಖ ನೆನಪಾಯಿತು. ನಮ್ಮ ತರಗತಿಯಲ್ಲಿ ಉಗ್ಗುವ ಹುಡುಗನೊಬ್ಬನಿದ್ದ. ಅವನು ಪಾಠ ಓದಲು ಎದ್ದರೆ ಸಾಕು, ಹಿಂದಿನ ಬೆಂಚಿನಿಂದ ಅವನ ಹಾಗೇ ಉಗ್ಗುತ್ತಿದ್ದೆವು. ನಾನೂ ಆ ಬೆಂಚಿನಲ್ಲೇ ಇದ್ದೆ, ಚೆನ್ನಾಗಿ ಅನುಕರಣೆ ಮಾಡುತ್ತಿದ್ದವಳು ನಾನೇ. ಕೊನೆಕೊನೆಗೆ ಅವನು ಓದಲು ಏಳುವುದನ್ನೇ ಬಿಟ್ಟ. ಯಾರೂ ಅದನ್ನು ರೆಕಾರ್ಡ್ ಮಾಡಿರಲಿಲ್ಲ, ಅಷ್ಟೇ. ನಮ್ಮ ಕಾಲದ ಮಕ್ಕಳು ಎಷ್ಟು ಒಳ್ಳೆಯವರು ಅನ್ನುವಾಗ ಇದೊಂದು ಅನುಕೂಲ ನಮಗಿದೆ, ಅಲ್ವಾ? ಸಾಕ್ಷಿ ಇಲ್ಲ.

ನಂತರ ಬಂದ ಹುಡುಗಿ ಮೈಕನ್ನು ಸರಿಯಾಗಿ ತನ್ನ ಎತ್ತರಕ್ಕೆ ಇಳಿಸಿಕೊಂಡಳು. ಸಭೆಯ ಕಡೆ ಒಂದು ಸಲ ನೋಡಿದಳು. "ಇಂದಿನ ಮಕ್ಕಳು ಸುಖವನ್ನೇ ಬಯಸುತ್ತಾರೆ. ಅವರಿಗೆ ಶಿಸ್ತಿಲ್ಲ. ಹಿರಿಯರನ್ನು ಗೌರವಿಸುವುದಿಲ್ಲ" ಅಂತ ಶುರು ಮಾಡಿ, ನಮ್ಮನ್ನೆಲ್ಲ ತಲೆಯಾಡಿಸುವಂತೆ ಮಾಡಿ, ಆಮೇಲೆ ಕೇಳಿದಳು: "ಇದನ್ನು ಹೇಳಿದ್ದು ಯಾರು? ನನ್ನ ತಾತ ಅಲ್ಲ. 2,400 ವರ್ಷಗಳ ಹಿಂದಿನ ಸಾಕ್ರಟೀಸ್!" ಚಪ್ಪಾಳೆ. ನಾನೂ ತಟ್ಟಿದೆ. ತೀರ್ಪುಗಾರರು ತಟ್ಟಬಾರದು, ಆದರೂ ತಟ್ಟಿದೆ. ವಿಷಯಕ್ಕೆ 9, ನಿರೂಪಣೆಗೆ 9.

ಖಂಡನೆಯ ಸುತ್ತಿನಲ್ಲಿ ನೀಲಿ ಫೈಲಿನ ಹುಡುಗನಿಗೆ ಬಂದಿದ್ದು ಅವಳ ಮಾತನ್ನೇ ಖಂಡಿಸುವ ಸರದಿ. ಎದ್ದ. ಫೈಲ್ ತೆರೆದ. ಒಂದು ಹಾಳೆಯನ್ನು ಅರ್ಧ ಹೊರಗೆಳೆದ. ಅವಳನ್ನು ನೋಡಿದ. ಹಾಳೆಯನ್ನು ವಾಪಸ್ ತಳ್ಳಿ, "ಹಿಂದೆಯೂ ಹೀಗೇ ಹೇಳುತ್ತಿದ್ದರು ಅನ್ನುವುದರಿಂದ ಈಗ ಹೇಳುವುದು ಸುಳ್ಳಾಗುವುದಿಲ್ಲ" ಅಂತ ಗೊಣಗಿ ಕೂತ. ಮಾತು ಸರಿಯಾದದ್ದೇ, ಆದರೆ ಯಾರಿಗೂ ಕೇಳಿಸಲಿಲ್ಲ. "ದುರ್ಬಲ" ಅಂತ ಬರೆದು 4 ಕೊಟ್ಟೆ.

ಹುಡುಗಿಗೆ ಮೊದಲ ಬಹುಮಾನ. ಹುಡುಗನಿಗೆ ಏನೂ ಇಲ್ಲ. ಸಮಾರೋಪದ ಮಾತಿನಲ್ಲಿ ನಾನೂ ಸಾಕ್ರಟೀಸನ ಆ ಮಾತನ್ನು ಎತ್ತಿಕೊಂಡೆ. ವರ್ಷಗಳಿಂದ ಎಲ್ಲಿ ಮಾತಾಡಿದರೂ ಹೇಳುತ್ತಿದ್ದೆ, ನನ್ನ ಮೆಚ್ಚಿನ ಸಾಲು ಅದು. "ಇಷ್ಟು ಓದಿಕೊಂಡಿರುವ ಮಕ್ಕಳನ್ನು ನೋಡಿದರೆ ಮೌಲ್ಯಗಳ ಬಗ್ಗೆ ಚಿಂತೆ ಇಲ್ಲ" ಅಂತ ಮುಗಿಸಿದೆ.

ಗೇಟಿನ ಹತ್ತಿರ ಕಾರಿಗೆ ಕಾಯುತ್ತಿದ್ದೆ. ಹುಡುಗ ಬಂದ. ಒಂದು ನಿಮಿಷ ಸುಮ್ನೆ ನಿಂತ. ನಂತರ ಫೈಲಿನಿಂದ ಅದೇ ಹಾಳೆಯನ್ನು ತೆಗೆದು ಕೊಟ್ಟ.

"ಮೇಡಂ, ಅದು ಸಾಕ್ರಟೀಸ್ ಹೇಳಿದ್ದಲ್ಲ. ನೀವು ಬೇರೆ ಕಡೆನೂ ಹೇಳ್ತೀರೇನೋ ಅಂತ ಬಂದೆ."

ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿ. ಕೆನೆತ್ ಜಾನ್ ಫ್ರೀಮನ್ ಅಂತ ಕೇಂಬ್ರಿಡ್ಜಿನ ವಿದ್ಯಾರ್ಥಿಯೊಬ್ಬ ಪ್ರಾಚೀನ ಗ್ರೀಸಿನ ಶಿಕ್ಷಣದ ಮೇಲೆ ಪ್ರಬಂಧ ಬರೆದಿದ್ದ. ಅದು ಅಚ್ಚಾಗಿದ್ದು 1907ರಲ್ಲಿ, ಅವನು ತೀರಿಕೊಂಡ ಮೇಲೆ. ಪ್ರಾಚೀನ ಗ್ರೀಸಿನ ದೊಡ್ಡವರು ಹುಡುಗರ ಬಗ್ಗೆ ಏನೇನು ದೂರುತ್ತಿದ್ದರು ಅನ್ನೋದನ್ನು ಅವನು ತನ್ನ ಮಾತಿನಲ್ಲಿ ಒಟ್ಟು ಮಾಡಿ ಹೇಳಿದ್ದ. ಅದೇ ಸಾಲುಗಳು ಕೈಯಿಂದ ಕೈಗೆ ದಾಟಿ ಸಾಕ್ರಟೀಸನ ಹೆಸರಿಗೆ ಅಂಟಿಕೊಂಡವು. ಸಾಕ್ರಟೀಸ್ ತಾನಾಗಿ ಏನನ್ನೂ ಬರೆದಿಟ್ಟವನಲ್ಲ ಅನ್ನೋದಕ್ಕೆ ಹುಡುಗ ಅಡಿಗೆರೆ ಎಳೆದಿದ್ದ. ಇಷ್ಟು ನನಗೂ ಗೊತ್ತಿತ್ತು. ಆದರೂ ಈ ಸಾಲು ಎಲ್ಲಿಂದ ಬಂತು ಅಂತ ಒಂದು ದಿನವೂ ಯೋಚಿಸಿರಲಿಲ್ಲ.

"ಇದನ್ನ ಖಂಡನೆಯಲ್ಲೇ ಹೇಳಬಹುದಿತ್ತಲ್ಲ? ನೀನೇ ಗೆಲ್ಲುತ್ತಿದ್ದೆ."

"ಎಲ್ಲರ ಎದುರಿಗೆ ಹೇಳಿದ್ರೆ ಅವಳಿಗೆ ಹೇಗಾಗುತ್ತೆ ಮೇಡಂ?"

ಅಷ್ಟರಲ್ಲಿ ಅವಳೇ ಬಂದಳು. ಕೈಯಲ್ಲಿ ಸುರುಳಿ ಸುತ್ತಿದ ಸರ್ಟಿಫಿಕೇಟು. ಹಾಳೆ ನನ್ನ ಕೈಯಲ್ಲಿರುವುದನ್ನು ನೋಡಿದಳು, ಅವನನ್ನು ನೋಡಿದಳು. ಕೇಳುವ ಮೊದಲೇ ಹೇಳಿದಳು. "ನನಗೂ ಗೊತ್ತಿತ್ತು ಮೇಡಂ. ನಿನ್ನೆಯೇ ಹೇಳಿದ್ದ."

"ಮತ್ತೆ ಯಾಕೆ ಹೇಳಿದೆ?"

"ಜಡ್ಜ್‌ಗಳಿಗೆ ಇಷ್ಟ ಆಗುತ್ತೆ." ಧ್ವನಿಯಲ್ಲಿ ಒಂಚೂರೂ ಉದ್ಧಟತನ ಇರಲಿಲ್ಲ. ಹೊರಗೆ ಮಳೆ ಬರ್ತಿದೆ ಅಂತ ಹೇಳುವ ಹಾಗೆ ಹೇಳಿದಳು. "ಆದ್ರೆ ಪಾಯಿಂಟ್ ಸರಿ ತಾನೇ? ಆಗಿನ ದೊಡ್ಡವರೂ ಹೀಗೇ ದೂರ್ತಿದ್ರು ಅಂತಲೇ ಅಲ್ವಾ ಫ್ರೀಮನ್ ಬರೆದಿದ್ದು? ಹಾಗಂತ ಹೇಳಿದ್ರೆ ಯಾರೂ ಚಪ್ಪಾಳೆ ತಟ್ಟಲ್ಲ, ಅಷ್ಟೇ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಅಂಕಪಟ್ಟಿಯ ನಾಲ್ಕು ಕಾಲಂಗಳಲ್ಲಿ 'ನಿಜವೇ?' ಅನ್ನೋದಕ್ಕೆ ಜಾಗ ಇರಲಿಲ್ಲ. ನಾನಂತೂ ಚಪ್ಪಾಳೆಯನ್ನೂ ಸೇರಿಸಿ ಕೊಟ್ಟಿದ್ದೆ.

"ಇದನ್ನ ವಾಪಸ್ ಕೊಡ್ಲಾ?" ಅಂತ ಸರ್ಟಿಫಿಕೇಟ್ ಮುಂದೆ ಹಿಡಿದಳು. ತಮಾಷೆಯೋ ನಿಜವೋ ತಿಳಿಯಲಿಲ್ಲ. ಸುರುಳಿಯ ಅಂಚು ಅವಳ ಬೆರಳಿನ ಬೆವರಿಗೆ ಮೆತ್ತಗಾಗಿತ್ತು. "ಬೇಡ, ಇಟ್ಕೋ" ಅಂದೆ. ದೊಡ್ಡ ಮನಸ್ಸಿನಿಂದ ಹೇಳಿದೆ ಅಂತ ಅವಳು ಅಂದುಕೊಂಡಿರಬಹುದು. ನಿಜ ಹೇಳಬೇಕೆಂದರೆ, ಅದನ್ನು ವಾಪಸ್ ತಗೊಂಡರೆ ಇನ್ನೂರು ಜನರ ಎದುರು ನಾನು ಹೇಳಿದ್ದನ್ನೂ ವಾಪಸ್ ತಗೋಬೇಕಾಗುತ್ತಿತ್ತು.

ರಾತ್ರಿ ನಿದ್ದೆ ಬರಲಿಲ್ಲ. ಕಾಲೇಜಿನಲ್ಲಿ ಓದಿದ್ದ ಒಂದು ಹಳೆಯ ಅಧ್ಯಯನ ತಲೆಯಲ್ಲಿ ಸುತ್ತುತ್ತಿತ್ತು. 1920ರ ದಶಕದಲ್ಲಿ ಅಮೆರಿಕದಲ್ಲಿ ಹಾರ್ಟ್‌ಷೋರ್ನ್ ಮತ್ತು ಮೇ ಅನ್ನೋ ಇಬ್ಬರು 10,000ಕ್ಕೂ ಹೆಚ್ಚು ಮಕ್ಕಳ ಪ್ರಾಮಾಣಿಕತೆಯನ್ನು ಪರೀಕ್ಷೆ ಮಾಡಿದ್ದರು. ಒಂದು ವಿಧಾನ ಹೀಗೆ: ಮಕ್ಕಳು ಉತ್ತರ ಬರೆದ ಮೇಲೆ ಹಾಳೆಗಳನ್ನು ತಗೊಂಡು ಗುಟ್ಟಾಗಿ ಪ್ರತಿ ಮಾಡಿಟ್ಟುಕೊಳ್ಳುವುದು. ಮಾರನೆಯ ದಿನ ಸರಿಯುತ್ತರಗಳ ಜೊತೆ ಹಾಳೆ ವಾಪಸ್ ಕೊಟ್ಟು, ನಿಮ್ಮ ಅಂಕ ನೀವೇ ಹಾಕಿಕೊಳ್ಳಿ ಅನ್ನುವುದು. ಯಾರು ತಿದ್ದಿದರು ಅಂತ ಪ್ರತಿ ನೋಡಿದರೆ ಗೊತ್ತಾಗುತ್ತದೆ. ಅವರಿಗೆ ಸಿಕ್ಕ ಫಲಿತಾಂಶ ಆಗ ಬಹಳ ಜನರಿಗೆ ರುಚಿಸಲಿಲ್ಲ. ಪ್ರಾಮಾಣಿಕ ಮಕ್ಕಳು, ಮೋಸ ಮಾಡುವ ಮಕ್ಕಳು ಅಂತ ಎರಡು ಗುಂಪು ಸಿಗಲೇ ಇಲ್ಲ. ಒಂದು ಕಡೆ ಮೋಸ ಮಾಡಿದ ಮಗುವೇ ಇನ್ನೊಂದು ಕಡೆ ಮಾಡುತ್ತಿರಲಿಲ್ಲ. ಸಂದರ್ಭ ಎಂಥದ್ದು, ಸಿಕ್ಕಿಬೀಳುವ ಭಯ ಎಷ್ಟು, ಜೊತೆಯವರು ಏನು ಮಾಡುತ್ತಿದ್ದಾರೆ ಅನ್ನೋದರ ಮೇಲೆ ಬಹಳಷ್ಟು ನಿಂತಿತ್ತು.

ಆ ಹುಡುಗನನ್ನೇ ನೋಡಿ. ಗ್ರೂಪಿನಲ್ಲಿ ಸುಮ್ಮನಿದ್ದವನೂ ಅವನೇ. ವೇದಿಕೆಯ ಮೇಲೆ ಗೆಲುವನ್ನು ಬಿಟ್ಟುಕೊಟ್ಟವನೂ ಅವನೇ. ಮೊದಲನೆಯದು ತಪ್ಪು, ಎರಡನೆಯದು ಒಳ್ಳೆಯದು ಅಂತ ಬರೆಯಬಹುದು. ಆದರೆ ಎರಡರಲ್ಲೂ ಅವನು ಮಾಡಿದ್ದು ಒಂದೇ, ಬಾಯಿ ಮುಚ್ಚಿಕೊಂಡಿದ್ದು. ಅವನನ್ನು ಯಾವ ಕಾಲಮಿಗೆ ಹಾಕೋದು?

ಎದ್ದು ಲ್ಯಾಪ್‌ಟಾಪ್ ತೆರೆದೆ. ಆಡಮ್ ಮಾಸ್ಟ್ರೊಯಾನಿ, ಡೇನಿಯಲ್ ಗಿಲ್ಬರ್ಟ್ ಅನ್ನೋ ಮನಶ್ಶಾಸ್ತ್ರಜ್ಞರು 2023ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದು ಸಿಕ್ಕಿತು. ಕಡಿಮೆ ಅಂದರೂ 60 ದೇಶಗಳ ಜನ ನೈತಿಕತೆ ಕುಸಿಯುತ್ತಿದೆ ಅಂತ ನಂಬುತ್ತಾರಂತೆ. ಕಡಿಮೆ ಅಂದರೂ 70 ವರ್ಷಗಳಿಂದ ನಂಬುತ್ತಲೇ ಬಂದಿದ್ದಾರಂತೆ. ಆದರೆ ನಿನ್ನೆ ನಿಮ್ಮನ್ನು ಜನ ಗೌರವದಿಂದ ನಡೆಸಿಕೊಂಡರಾ ಅನ್ನುವಂಥ ಪ್ರಶ್ನೆ ಕೇಳಿದರೆ, ಉತ್ತರಗಳು ವರ್ಷದಿಂದ ವರ್ಷಕ್ಕೆ ಅಷ್ಟೇನೂ ಬದಲಾಗಿಲ್ಲ. ನನಗೆ ಜಾಸ್ತಿ ನಗು ತರಿಸಿದ್ದು ಇನ್ನೊಂದು. ಕುಸಿತ ಯಾವಾಗ ಶುರುವಾಯಿತು ಅಂತ ಕೇಳಿದರೆ, ಹೆಚ್ಚುಕಮ್ಮಿ ತಾವು ಹುಟ್ಟಿದಾಗಿನಿಂದ ಅಂತ ಜನ ಹೇಳುತ್ತಾರೆ. ಅಂದರೆ ನನ್ನ ಲೆಕ್ಕದಲ್ಲಿ ಲೋಕ ಕೆಟ್ಟಿದ್ದು ನಾನು ಕಾಲಿಟ್ಟ ಮೇಲೆ!

ಇದರಿಂದ ಆ ಸ್ಕ್ರೀನ್‌ಶಾಟ್ ಹಗುರ ಆಗುವುದಿಲ್ಲ. ನಾಲ್ಕು ದಿನ ಶಾಲೆಗೆ ಬರದ ಹುಡುಗಿಗೆ ಸಮೀಕ್ಷೆ ಹಿಡಿದುಕೊಂಡು ಹೋಗಿ ಸಮಾಧಾನ ಹೇಳೋಕಾಗುತ್ತಾ? ನಾವು ಉಗ್ಗಿದಾಗ ಕೇಳುತ್ತಿದ್ದವರು ಒಂದು ಕೋಣೆಯಲ್ಲಿದ್ದವರು ಮಾತ್ರ, ಗಂಟೆ ಹೊಡೆದರೆ ಮುಗಿಯುತ್ತಿತ್ತು. ಈಗಿನದು ಮುಗಿಯುವುದಿಲ್ಲ. ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ನನ್ನ ತಪ್ಪನ್ನು ಒಪ್ಪಿಕೊಳ್ಳೋಕೆ ನನಗೆ ಇಷ್ಟು ವರ್ಷ ಬೇಕಾಯಿತು. ಅವನು 15ಕ್ಕೇ ಮೈಕಿನಲ್ಲಿ ಹೇಳಿದ, ನಾನು 5 ಅಂಕ ಕೊಟ್ಟೆ.

ಎರಡು ದಿನ ಬಿಟ್ಟು ಆ ಶಾಲೆಯ ಶಿಕ್ಷಕಿಗೆ ಫೋನ್ ಮಾಡಿದೆ. ಆ ಹೇಳಿಕೆ ತಪ್ಪು, ಮಕ್ಕಳಿಗೆ ತಿಳಿಸೋಣ ಅಂದೆ. "ಅಯ್ಯೋ, ಬಿಡಿ ಮೇಡಂ. ಫಲಿತಾಂಶ ಬೋರ್ಡಿಗೆ ಹಾಕಾಗಿದೆ. ಸಾಕ್ರಟೀಸ್ ಹೇಳಿದ್ರೇನು, ಇನ್ಯಾರೋ ಹೇಳಿದ್ರೇನು" ಅಂದರು. ಸರಿ ಅಂದೆ. ಫೋನ್ ಇಟ್ಟ ಮೇಲೆ ಹಾಯೆನಿಸಿತು. ಹಾಯೆನಿಸಬಾರದಿತ್ತು.

ಮುಂದಿನ ವಾರ ನಮ್ಮ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಹಿರಿಯರೊಬ್ಬರು ಒಂದು ಚಿತ್ರ ಹಾಕಿದರು. ಗಡ್ಡದ ಕಲ್ಲಿನ ತಲೆ, ಕೆಳಗೆ ಅದೇ ಸಾಲು. ಎರಡು ವರ್ಷದ ಹಿಂದೆ ಇದೇ ಗುಂಪಿಗೆ ನಾನೇ ಅದನ್ನು ಕಳಿಸಿದ್ದೆ. "ಇದು ಸಾಕ್ರಟೀಸ್ ಹೇಳಿದ್ದಲ್ಲ" ಅಂತ ಟೈಪ್ ಮಾಡಿದೆ. ಬೆರಳು ಅಲ್ಲೇ ನಿಂತಿತು. ಎಲ್ಲರ ಎದುರಿಗೆ ಹೇಳಿದರೆ ಅವರಿಗೆ ಹೇಗಾಗುತ್ತೆ? ಅಳಿಸಿದೆ. ಅವರೊಬ್ಬರಿಗೇ ಬೇರೆಯಾಗಿ ಬರೆದೆ, ಫ್ರೀಮನ್ ಹೆಸರು, 1907, ಎಲ್ಲ ಸೇರಿಸಿ.

ತಕ್ಷಣ ಹೆಬ್ಬೆರಳು ಎತ್ತಿದ ಗುರುತು ಬಂತು. ಎರಡು ನಿಮಿಷ ಬಿಟ್ಟು ನಾವಿಬ್ಬರೂ ಇರುವ ಇನ್ನೊಂದು ಗುಂಪಿಗೆ ಅವರು ಅದೇ ಚಿತ್ರವನ್ನು ಕಳಿಸಿದರು.