ಒಂದೇ ತೀರ್ಥ

ಜ್ಯೇಷ್ಠ ಶುದ್ಧ ಏಕಾದಶಿಯ ಬೆಳಿಗ್ಗೆ ಎರಡು ಮಾತ್ರೆಗಳನ್ನು ಅಂಗೈಯಲ್ಲಿಟ್ಟುಕೊಂಡು ಅತ್ತೆಯ ಎದುರು ಕುಳಿತಿದ್ದೆ. ಅವರಿಗೆ ರಕ್ತದೊತ್ತಡವಿದೆ, ಕಿಡ್ನಿಯಲ್ಲಿ ಕಲ್ಲಿದೆ. ಮಾತ್ರೆ ಬಿಟ್ಟರೂ ನೀರು ಬಿಡಬೇಡಿ ಎಂದು ವೈದ್ಯರು ಗದರಿಸಿದ್ದರು. ಪಂಚಾಂಗದಲ್ಲಿ ಆ ದಿನದ ಮುಂದೆ ಇದ್ದದ್ದು ಒಂದೇ ಪದ: ನಿರ್ಜಲ.

ಈ ಏಕಾದಶಿಯ ಕಥೆಯನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ. ಪಕ್ಷಕ್ಕೊಮ್ಮೆ ಹಸಿದಿರುವುದು ತನ್ನಿಂದಾಗದು ಎಂದು ಭೀಮಸೇನ ವ್ಯಾಸರ ಮುಂದೆ ಕೈಚೆಲ್ಲಿದನಂತೆ. ವರ್ಷಕ್ಕೆ ಇದೊಂದನ್ನು ನೀರೂ ಮುಟ್ಟದೆ ಮಾಡು, ಎಲ್ಲದರ ಫಲವೂ ಬರುತ್ತದೆ ಎಂದು ಅವರು ದಾರಿ ತೋರಿಸಿದರಂತೆ. ಹಸಿವು ತಡೆಯದವನಿಗೆ ಕೊಟ್ಟ ರಿಯಾಯಿತಿ ಅದು. ನಮ್ಮ ಅತ್ತೆಯಾದರೋ ಉಳಿದವನ್ನೂ ಬಿಡುವುದಿಲ್ಲ, ಇದನ್ನೂ ಬಿಡುವುದಿಲ್ಲ.

ನಾನೂ ಸಿದ್ಧಳಾಗಿಯೇ ಬಂದಿದ್ದೆ. ಎಂಟು ವರ್ಷ ದಾಟಿದವರು, ಎಂಬತ್ತು ತುಂಬದವರು ಏಕಾದಶಿಯ ಉಪವಾಸ ಮಾಡಬೇಕು ಎಂದು ಧರ್ಮಶಾಸ್ತ್ರದ ಒಂದು ಶ್ಲೋಕವಿದೆ. ಮಾವ ಬದುಕಿದ್ದಾಗ ಸಂವತ್ಸರದ ಲೆಕ್ಕ ಹಾಕಿ ಹೇಳುತ್ತಿದ್ದ ಪ್ರಕಾರ ಅತ್ತೆಗೆ ಈಗ 82. ನಿಮಗೆ ವಿನಾಯಿತಿ ಸಿಕ್ಕು ಎರಡು ವರ್ಷವಾಯಿತು ಎಂದೆ. ಅವರು ಎದ್ದು ಹೋಗಿ ಬೀರುವಿನಿಂದ ಆಧಾರ್ ಕಾರ್ಡು ತಂದರು. ಅವರ ಕಾಲದ ಎಷ್ಟೋ ಜನರ ಹಾಗೆ ಅವರದ್ದೂ ಜನವರಿ 1ರ ಜನ್ಮದಿನ, ಯಾರೋ ಅಂದಾಜಿಗೆ ಬರೆದದ್ದು. “ನೋಡು, ಸರ್ಕಾರದ ಲೆಕ್ಕದಲ್ಲಿ ನನಗೆ ಇನ್ನೂ 79.”

ಸರಿ, ಇನ್ನೊಂದು ಶ್ಲೋಕ. ಮಹಾಭಾರತದ ಉದ್ಯೋಗಪರ್ವದಲ್ಲಿ ವಿದುರನ ಮಾತಿನ ನಡುವೆ ಬರುತ್ತದೆ: ‘ಅಷ್ಟೌ ತಾನ್ಯವ್ರತಘ್ನಾನಿ ಆಪೋ ಮೂಲಂ ಫಲಂ ಪಯಃ’. ವ್ರತವನ್ನು ಕೆಡಿಸದ ವಸ್ತುಗಳು ಎಂಟು. ಪಟ್ಟಿಯ ಮೊದಲನೆಯದೇ ನೀರು, ಕೊನೆಯದು ಔಷಧ. ನನ್ನ ಕೈಯಲ್ಲಿದ್ದದ್ದೂ ಅವೆರಡೇ. ಅತ್ತೆ ಪೂರ್ತಿ ಕೇಳಿಸಿಕೊಂಡರು. “ಅದು ಬೇರೆ ವ್ರತಗಳ ಮಾತು. ಏಕಾದಶಿಗೆ ಅನ್ವಯಿಸುವುದಿಲ್ಲ” ಎಂದು ಬಾಗಿಲು ಹಾಕಿದರು. ಇಂಥ ವಾದದಲ್ಲಿ ನಾನು ಎಂದೂ ಗೆದ್ದವಳಲ್ಲ. ನಾನು ಪುಸ್ತಕ ನೋಡಿ ಹೇಳುತ್ತೇನೆ, ಅವರು ಅರವತ್ತು ವರ್ಷ ಮಾಡಿ ಹೇಳುತ್ತಾರೆ.

ಹನ್ನೊಂದರ ಹೊತ್ತಿಗೆ ಅವರ ತುಟಿ ಒಡೆದ ಕೆರೆಯಂಗಳದ ಹಾಗಾಗಿತ್ತು. ಪೂಜೆ ಮುಗಿಸಿದರು. ನಮ್ಮಲ್ಲಿ ಬೇರೆ ದಿನ ಮೂರು ಸಲ ತೀರ್ಥ ತೆಗೆದುಕೊಂಡರೆ ಏಕಾದಶಿಯಂದು ಒಂದೇ ಸಲ. ಅತ್ತೆ ತೀರ್ಥದ ಚಮಚವಾದ ಉದ್ಧರಣೆಯನ್ನು ಪಕ್ಕಕ್ಕಿಟ್ಟರು. ತುಳಸಿ ಹಾಕಿದ ಪಂಚಪಾತ್ರೆಯನ್ನೇ ಎರಡೂ ಕೈಯಲ್ಲಿ ಎತ್ತಿ, ಮಾತ್ರೆಗಳನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ತಳ ಕಾಣುವವರೆಗೆ ಗಟಗಟ ಕುಡಿದರು. ಗಂಟಲಿನ ಸುಕ್ಕು ಏರಿ ಇಳಿಯುವುದನ್ನು ನಾನು ನೋಡುತ್ತ ನಿಂತಿದ್ದೆ. ಪಾತ್ರೆ ಕೆಳಗಿಟ್ಟು, “ಒಂದೇ ಸಲ ಎಂದಿದೆ. ಎಷ್ಟು ಎಂದು ಎಲ್ಲಿಯೂ ಹೇಳಿಲ್ಲ” ಎಂದರು.

ಅಕ್ಷರಕ್ಕೆ ಅಂಟಿಕೊಂಡವರು ಉಸಿರುಗಟ್ಟುತ್ತಾರೆ ಎಂದುಕೊಂಡಿದ್ದ ನನಗೆ ಅದು ಕಪಾಳಕ್ಕೆ ಕೊಟ್ಟ ಹಾಗಾಯಿತು. ಅಕ್ಷರದ ಸಂದಿಯಲ್ಲಿ ಎಲ್ಲಿ ಗಾಳಿಯಾಡುತ್ತದೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಆ ಸಂದಿ ಯಾರಿಗಾಗಿ ತೆರೆಯುತ್ತದೆ, ಯಾರಿಗಾಗಿ ತೆರೆಯುವುದಿಲ್ಲ ಎಂಬುದು ಬೇರೆ ವಿಚಾರ. ಅದನ್ನು ಹೇಳಬೇಕಾದರೆ ಆ ಪಂಚಪಾತ್ರೆಗೆ ನೀರು ಎಲ್ಲಿಂದ ಬಂತು ಎಂದು ಹೇಳಬೇಕು.

ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಹಾಗಿದ್ದೂ ದಿನವೂ ಕಲಶದ ಮೇಲೆ ಕೈಯಿಟ್ಟು ‘ಗಂಗೇ ಚ ಯಮುನೇ ಚೈವ’ ಎಂದು ಏಳು ನದಿಗಳನ್ನು ಕರೆಯುತ್ತೇವೆ. ನಾನು ಮದುವೆಯಾಗಿ ಬಂದಾಗ ಹಿತ್ತಿಲಿನ ಬಾವಿಯಲ್ಲಿ ನೀರಿತ್ತು. ಅತ್ತೆ ಒದ್ದೆ ಸೀರೆಯಲ್ಲಿ ಹಗ್ಗ ಹಿಡಿದು ಮಡಿನೀರು ಸೇದುತ್ತಿದ್ದರು. ನಲ್ಲಿಯಲ್ಲಿ ಚರ್ಮದ ವಾಷರ್ ಇರುತ್ತದೆಂದು ಅವರ ಅತ್ತೆ ಕೊನೆಯವರೆಗೂ ನಲ್ಲಿನೀರು ಮುಟ್ಟಲಿಲ್ಲವಂತೆ. ಬಾವಿ ಬತ್ತಿತು, ಕೊಳವೆಬಾವಿ ಬಂತು. ಸಾವಿರ ಅಡಿ ದಾಟಿದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ ಎಂದರು. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಮಕ್ಕಳ ಹಲ್ಲು ಕಂದುತ್ತದೆ, ಮೂಳೆಗೆ ಇಳಿಯುತ್ತದೆ. ನೆಲದ ಮೇಲೆ ನಿಂತ ನೀರು ಒಂದು ಹಸುವಿನ ಬಾಯಾರಿಕೆ ತೀರಿಸುವಷ್ಟಿದ್ದು, ಹೊಲಸು ಬೆರೆಯದೆ, ವಾಸನೆ ಬಣ್ಣ ರುಚಿ ಸರಿಯಿದ್ದರೆ ಶುದ್ಧ ಎನ್ನುತ್ತದೆ ಮನುಸ್ಮೃತಿ. ಅದನ್ನು ಬರೆದ ಕಾಲಕ್ಕೆ ಅದು ಒಳ್ಳೆಯ ಪರೀಕ್ಷೆಯೇ. ಫ್ಲೋರೈಡಿಗೆ ಮಾತ್ರ ವಾಸನೆಯಿಲ್ಲ, ಬಣ್ಣವಿಲ್ಲ, ರುಚಿಯೂ ಇಲ್ಲ.

2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಕೋರಮಂಗಲ-ಚಲ್ಲಘಟ್ಟ (ಕೆ.ಸಿ.) ವ್ಯಾಲಿ ಯೋಜನೆಯ ಕೊಳವೆಗಳಲ್ಲಿ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ಆರಂಭದಲ್ಲಿ ನೊರೆ ಎದ್ದು ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಕೂಗು ಇನ್ನೂ ಇದೆ. ಬೆಂಗಳೂರು ಬಳಸುವ ನೀರಿನಲ್ಲಿ ಹೆಚ್ಚಿನ ಪಾಲು ಕಾವೇರಿಯದು. ‘ನರ್ಮದೇ ಸಿಂಧು ಕಾವೇರಿ’ ಎಂದು ತಲೆಮಾರುಗಳಿಂದ ಕರೆದದ್ದಕ್ಕೆ ಕಾವೇರಿ ಅಂತೂ ಬಂದಳು, ಅಕ್ಷರಶಃ ಬಂದಳು. ಯಾವ ದಾರಿಯಿಂದ ಬಂದಳು ಎಂದು ಅತ್ತೆಗೆ ನಾನು ಬಿಡಿಸಿ ಹೇಳಿಲ್ಲ.

ಈಗ ನಮ್ಮ ದೇವರಿಗೂ ನಮಗೂ ರಸ್ತೆಯ ತಿರುವಿನ ಶುದ್ಧ ಕುಡಿಯುವ ನೀರಿನ ಘಟಕವೇ ಗತಿ. 5 ರೂಪಾಯಿ ನಾಣ್ಯ ಹಾಕಿದರೆ ಒಂದು ಕ್ಯಾನ್ ತುಂಬುತ್ತದೆ. ಊರಿನವರೆಲ್ಲ ಮುಟ್ಟುವ ಅದೇ ನಲ್ಲಿ, ಅದೇ ಸಾಲು. ಆ ಸಾಲಿನಲ್ಲಿ ನನ್ನ ಮುಂದೆಯೋ ಹಿಂದೆಯೋ ಒಬ್ಬಾಕೆ ನಿಂತಿರುತ್ತಾಳೆ. ಅವಳ ತಾಯಿ ನಮ್ಮ ಮನೆಗೆ ಮುಸುರೆ ತಿಕ್ಕಲು ಬರುತ್ತಿದ್ದರು. ಹೊಸ ಸೊಸೆಯಾಗಿದ್ದಾಗ ನಾನೇ ಕಣ್ಣಾರೆ ಕಂಡದ್ದು: ಆ ತಾಯಿ ಬಾವಿಯಿಂದ ದೂರ ಕೊಡ ಇಟ್ಟು ಯಾರಾದರೂ ಬಂದು ಸುರಿಯುವವರೆಗೆ ಕಾಯುತ್ತಿದ್ದರು. ನೀರನ್ನು ಎತ್ತರದಿಂದ ಸುರಿಯುತ್ತಿದ್ದೆವು. ಸಂಬಳದ ನಾಣ್ಯವನ್ನೂ ಅಂಗೈಗೆ ಮೇಲಿನಿಂದ ಬಿಡುತ್ತಿದ್ದೆವು. ನಾನೂ ಬಿಟ್ಟಿದ್ದೇನೆ. ಮೋಟಾರಿಗೆ, ಪೈಪಿಗೆ, ಪ್ಲಾಸ್ಟಿಕ್ ಕ್ಯಾನಿಗೆ ಒಂದೊಂದಾಗಿ ಬಾಗಿದ ಶಾಸ್ತ್ರ ಆ ಹೆಂಗಸಿನ ಕೊಡದ ಮುಂದೆ ಮಾತ್ರ ನೆಟ್ಟಗೆ ನಿಂತಿತ್ತು. ಮುಂದೆ ಯಾವ ಶ್ಲೋಕ ನೋಡಿ ಅತ್ತೆ ಘಟಕದ ನೀರನ್ನು ಒಪ್ಪಿಕೊಂಡರು? ಶ್ಲೋಕ ಯಾವುದೂ ಇಲ್ಲ. ಬಾವಿ ಬತ್ತಿತು, ಅಷ್ಟೇ.

ಮನುವಿನ ಮಾತು ಎತ್ತಿದ ಮೇಲೆ ಇದನ್ನೂ ಹೇಳಬೇಕು. 1927ರ ಮಾರ್ಚಿನಲ್ಲಿ ಅಂಬೇಡ್ಕರ್ ಅವರು ತಮ್ಮ ಜನರೊಂದಿಗೆ ಹೋಗಿ ಮಹಾರಾಷ್ಟ್ರದ ಮಹಾಡದ ಚವದಾರ್ ಕೆರೆಯ ನೀರು ಕುಡಿದರು. ಆಮೇಲೆ ಸಂಪ್ರದಾಯಸ್ಥರು ಪಂಚಗವ್ಯ ಸುರಿದು ಆ ಕೆರೆಯನ್ನು ‘ಶುದ್ಧಿ’ ಮಾಡಿದರು. ಹಸುವಿನ ಬಾಯಾರಿಕೆಯ ಶ್ಲೋಕ ಅಂದು ಯಾರಿಗೂ ನೆನಪಾಗಲಿಲ್ಲ. ಡಿಸೆಂಬರ್ 25ರಂದು ಅದೇ ಊರಿನಲ್ಲಿ ಅಂಬೇಡ್ಕರ್ ಮತ್ತು ಸಂಗಡಿಗರು ಮನುಸ್ಮೃತಿಯನ್ನು ಸುಟ್ಟರು.

ಛಾಂದೋಗ್ಯ ಉಪನಿಷತ್ತಿನ ಉಷಸ್ತಿ ಚಾಕ್ರಾಯಣನೆಂಬ ಋಷಿ ನನಗೆ ಇಷ್ಟವಾಗುವುದು ಇದಕ್ಕೇ. ಬೆಳೆ ನಾಶವಾಗಿ ಕುರುದೇಶ ಹಸಿದಿತ್ತು. ಆನೆಗಳ ಒಡೆಯನೊಬ್ಬ ತಿನ್ನುತ್ತಿದ್ದ ಬೇಯಿಸಿದ ಕಾಳನ್ನು ಅವನು ಬೇಡಿದ. (ಯಾವ ಕಾಳೆಂದು ಪಂಡಿತರು ಚರ್ಚಿಸಲಿ, ಕೋಲಾರದವಳ ಕಣ್ಣಿಗೆ ಅದು ಹುರುಳಿಯೇ.) ಎಂಜಲನ್ನೇ ತಿಂದ. ಆತ ನೀರು ಕೊಡಲು ಬಂದಾಗ, ಬೇಡ, ಅದು ಎಂಜಲು ಎಂದ. ಕಾಳು ಎಂಜಲಲ್ಲವೇ ಎಂದು ಆತ ಕೇಳಿದ. ಅದನ್ನು ತಿನ್ನದಿದ್ದರೆ ಬದುಕುತ್ತಿರಲಿಲ್ಲ. ನೀರು ನನಗೆ ಬೇಕಾದಲ್ಲಿ ಸಿಗುತ್ತದೆ ಎಂದ ಉಷಸ್ತಿ. ಎಲ್ಲಿಯವರೆಗೆ ದಾಟಿದೆ, ಏಕೆ ದಾಟಿದೆ ಎಂಬುದನ್ನು ಅವನು ಕೊಟ್ಟವನ ಮುಖ ನೋಡಿಯೇ ಹೇಳಿದ. ನಮ್ಮ ಮನೆಯಲ್ಲಿ ಹಾಗೆ ಯಾರೂ ಯಾರಿಗೂ ಹೇಳಲಿಲ್ಲ.

ಏಕಾದಶಿ ಕಳೆದು ಮೂರನೇ ದಿನ, ಚತುರ್ದಶಿಗೆ ಹರಿದಾಸ ಯತಿ ಶ್ರೀಪಾದರಾಜರ ಆರಾಧನೆ. ಅತ್ತೆಯನ್ನು ಮುಳಬಾಗಿಲಿನ ನರಸಿಂಹತೀರ್ಥಕ್ಕೆ ಕರೆದುಕೊಂಡು ಹೋದೆ. ವೃಂದಾವನದ ಎದುರು ಕುಳಿತು ಅವರು ನನಗೆ ಹಳೆಯ ಕಥೆಯನ್ನೇ ಮತ್ತೆ ಹೇಳಿದರು. ವಿಜಯನಗರದ ಸಾಳುವ ನರಸಿಂಹನಿಗೆ ಬ್ರಹ್ಮಹತ್ಯೆಯ ದೋಷ ತಟ್ಟಿತ್ತಂತೆ. ಗುರುಗಳು ಶಂಖದ ನೀರು ಪ್ರೋಕ್ಷಿಸಿ ಅದನ್ನು ಕಳೆದರಂತೆ. ಅಷ್ಟು ದೊಡ್ಡ ಪಾಪ ಇಷ್ಟು ನೀರಿಗೆ ಹೋಗುತ್ತದೆಯೇ ಎಂದು ಜನ ಗೊಣಗಿದಾಗ, ಗೇರೆಣ್ಣೆಯಲ್ಲಿ ಅದ್ದಿದ ಬಟ್ಟೆಯ ಮೇಲೆ ಅದೇ ನೀರನ್ನು ಚಿಮುಕಿಸಿದರಂತೆ, ಬಟ್ಟೆ ಬೆಳ್ಳಗಾಯಿತಂತೆ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದುದೇ ಗೇರಿನಿಂದ, ಒಗೆದರೆ ಹೋಗುವ ಕಲೆಯಲ್ಲ ಅದು. ಹೇಳುತ್ತ ಹೇಳುತ್ತ ಅತ್ತೆ ಸುಮ್ಮನಾದರು. ತುಂಬ ಹೊತ್ತು ವೃಂದಾವನವನ್ನೇ ನೋಡುತ್ತಿದ್ದರು.

ಊರಿಗೆ ಮರಳುವಾಗ ಕತ್ತಲಾಗಿತ್ತು. ಮನೆಯಲ್ಲಿ ಹನಿ ನೀರಿರಲಿಲ್ಲ. ಆಟೋದಲ್ಲಿ ಅತ್ತೆಯನ್ನು ಕೂರಿಸಿ ಕ್ಯಾನ್ ಹಿಡಿದು ಘಟಕಕ್ಕೆ ಹೋದರೆ ಕೈಯಲ್ಲಿ ನಾಣ್ಯವಿಲ್ಲ. ಹಿಂದೆ ನಿಂತಿದ್ದ ಆಕೆ ಒಂದು ಮಾತೂ ಆಡದೆ ತನ್ನ 5 ರೂಪಾಯಿ ಹಾಕಿದಳು. ಅತ್ತೆ ಆಟೋದಿಂದ ನೋಡುತ್ತಿದ್ದರು.

ಮಾರನೆಯ ಬೆಳಿಗ್ಗೆ ಪೂಜೆ ಮುಗಿಸಿ ಬಂದು ಒಂದು ನಾಣ್ಯವನ್ನೂ ಕಾಗದದಲ್ಲಿ ಕಟ್ಟಿದ ಮುಳಬಾಗಿಲಿನ ಮಂತ್ರಾಕ್ಷತೆಯನ್ನೂ ನನ್ನ ಮುಂದಿಟ್ಟರು. “ಕೊಟ್ಟು ಬಾ.” ಬಾಗಿಲವರೆಗೆ ಹೋದವಳನ್ನು ಮತ್ತೆ ಕರೆದರು.

“ಕೈಯಲ್ಲಿ ಇಡು. ಮೇಲಿನಿಂದ ಬಿಡಬೇಡ.”