ತೋಮನ ಎಂಟು ದಿನ

ಮೂವತ್ತು ವರ್ಷ ನಾನು ಕಾಫಿ ತೋಟದಲ್ಲಿ ರೈಟರ್ ಆಗಿದ್ದವನು. ಬೆಳಗ್ಗೆ ಆಳುಗಳು ಸಾಲಾಗಿ ನಿಂತಾಗ ಕಣ್ಣಿಗೆ ಕಂಡವರ ಹೆಸರನ್ನಷ್ಟೇ ಚೆಕ್‌ರೋಲ್‌ನಲ್ಲಿ ಬರೆಯಬೇಕು. ‘ದಾರಿಯಲ್ಲಿ ಬರುತ್ತಿದ್ದಾಳೆ, ಬರೆದುಕೊಳ್ಳಿ ಸಾರ್’ ಎಂದು ಮೇಸ್ತ್ರಿ ಎಷ್ಟು ಗೋಗರೆದರೂ ಬರೆದವನಲ್ಲ. ಇಂಥವನ ಬಾಯಲ್ಲಿ ‘ಶರೀರದ ಪುನರುತ್ಥಾನವನ್ನು ವಿಶ್ವಾಸಿಸುತ್ತೇನೆ’ ಎಂಬ ಮಾತು ಚಿಕ್ಕಂದಿನಿಂದ ಅಷ್ಟು ಸಲೀಸಾಗಿ ಹೇಗೆ ಬರುತ್ತಿತ್ತೋ! ಬಹುಶಃ ಅದರ ಅರ್ಥದ ಕಡೆ ನಾನು ತಿರುಗಿಯೇ ನೋಡಿರಲಿಲ್ಲ.

ತಿರುಗಿ ನೋಡುವಂತಾದದ್ದು ನನ್ನಾಕೆಯನ್ನು ಮಣ್ಣು ಮಾಡಿದ ದಿನ. ಕೊಡಗಿನ ಕಕ್ಕಡ ತಿಂಗಳ ಮಳೆ. ತೋಡಿದ ಗುಂಡಿಯಲ್ಲಿ ಕೆಂಪು ನೀರು ನಿಂತಿತ್ತು. ಹುಡುಗರು ಬಕೆಟ್‌ನಲ್ಲಿ ಮೊಗೆದು ಚೆಲ್ಲಿದಷ್ಟೂ ಬದಿಯಿಂದ ಜಿನುಗಿ ಮತ್ತೆ ತುಂಬಿಕೊಳ್ಳುತ್ತಿತ್ತು. ಕೊನೆಗೆ ಗುರುಗಳು ಸಾಕೆಂದು ಕಣ್ಸನ್ನೆ ಮಾಡಿದರು. ಪೆಟ್ಟಿಗೆ ಇಳಿಯುವಾಗ ಕೆಳಗಿನಿಂದ ‘ಗುಳುಕ್’ ಎಂದು ಒಂದು ಸದ್ದು ಬಂತು. ನನ್ನ ಆರು ವರ್ಷದ ಅವಿಶ್ವಾಸವೆಂದರೆ ಆ ಒಂದು ಸದ್ದು. ಪುಸ್ತಕ ಓದಿ ನಾಸ್ತಿಕನಾದವನಲ್ಲ ನಾನು, ಯಾರೊಂದಿಗೂ ವಾದಕ್ಕೆ ಇಳಿದವನೂ ಅಲ್ಲ. ಆ ಸದ್ದನ್ನು ಕೇಳಿದ ಕಿವಿಗೆ ‘ಶರೀರ ಏಳುತ್ತದೆ’ ಎಂಬ ಮಾತು ಹಿಡಿಸಲಿಲ್ಲ, ಅಷ್ಟೇ.

ಮುಂದಿನ ಭಾನುವಾರದಿಂದ, ಪೂಜೆಯಲ್ಲಿ ಎಲ್ಲರೂ ಒಟ್ಟಿಗೆ ಹೇಳುವ ವಿಶ್ವಾಸ ಪ್ರಮಾಣದಲ್ಲಿ ಆ ಸಾಲು ಬಂದಾಗ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಉಳಿದದ್ದನ್ನೆಲ್ಲ ಹೇಳುತ್ತಿದ್ದೆ. ಪೂಜೆ ತಪ್ಪಿಸಲಿಲ್ಲ, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರಗಳಲ್ಲಿ ಶಿಲುಬೆಯ ಹಾದಿಯನ್ನೂ ಬಿಡಲಿಲ್ಲ. ಸಾವಿನವರೆಗಿನ ಕತೆ ನನಗೆ ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಆ ಹಾದಿಯ ಕೊನೆಯ, ಹದಿನಾಲ್ಕನೆಯ ನಿಲುಗಡೆಯಲ್ಲಿ ಯೇಸುವನ್ನು ಸಮಾಧಿಯಲ್ಲಿ ಇಡುತ್ತಾರೆ. ನಾನು ಅಲ್ಲಿಯೇ ನಿಂತುಬಿಟ್ಟಿದ್ದೆ.

ನನ್ನಾಕೆ ಹೋದ ಮೇಲಿನ ಮೊದಲ ಪವಿತ್ರ ಗುರುವಾರ ಪಕ್ಕದ ಮನೆಯ ಚೇಚಿ ಬಾಳೆಲೆ ಮುಚ್ಚಿದ ತಟ್ಟೆಯೊಂದನ್ನು ಹಿಡಿದು ಬಂದರು. ಪೆಸಹಾ ಅಪ್ಪಂ, ಜೊತೆಗೆ ಒಂದು ಲೋಟದಲ್ಲಿ ಬೆಲ್ಲ ತೆಂಗಿನಹಾಲಿನ ಪಾಲ್. ಕೇರಳದಿಂದ ಬಂದ ಅವರ ಕಡೆ ಆ ರಾತ್ರಿ ಹುಳಿ ಬರಿಸದ ಅಪ್ಪವನ್ನು ಮನೆಯ ಹಿರಿಯರು ಮುರಿದು ಎಲ್ಲರಿಗೂ ಹಂಚುತ್ತಾರೆ. ಸಾವಾದ ಮನೆಯಲ್ಲಿ ಮಾತ್ರ ಆ ವರ್ಷ ಅದನ್ನು ಮಾಡುವುದಿಲ್ಲ, ನೆರೆಯವರು ತಂದು ಕೊಡುತ್ತಾರೆ. ನಮ್ಮ ಮನೆಯಲ್ಲಿ ಆ ಪದ್ಧತಿಯೇ ಇರಲಿಲ್ಲ. ಆದರೂ ‘ನೀವು ಈ ಸಲ ಮಾಡಬಾರದು, ಅದಕ್ಕೇ ನಾನು ತಂದೆ’ ಎಂದರು. ಮಾಡುವವರೇ ಇಲ್ಲದ ಮನೆಗೆ ‘ಮಾಡಬಾರದು’ ಎಂದು ಹೇಳಿದ ಅವರ ಆ ದೊಡ್ಡ ಮನಸ್ಸು ಇವತ್ತಿಗೂ ನೆನಪಾಗುತ್ತದೆ.

ಈಗ ನನ್ನ ಅತ್ತೆಯ ವಿಷಯ. ಮಗಳು ಹೋದ ಮೇಲೂ ಅವರು ನನ್ನ ಜೊತೆಯಲ್ಲೇ ಉಳಿದರು. ತೋಟದ ಆಳುಗಳ ಲೈನ್‌ಮನೆಯಲ್ಲಿ ಹುಟ್ಟಿ, ಹತ್ತು ವರ್ಷಕ್ಕೇ ಕಾಫಿ ಹಣ್ಣು ಕೊಯ್ಯಲು ಹೋದವರು. ಓದು ಬರಹ ಇಲ್ಲ. ಜಪಸರ ಮತ್ತು ಮಳೆ, ಇವೆರಡರ ಲೆಕ್ಕ ಮಾತ್ರ ತಪ್ಪುತ್ತಿರಲಿಲ್ಲ. ಹೂಮಳೆ ಬಿದ್ದ ದಿನದಿಂದ ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಸುತ್ತ ದಿನ ಎಣಿಸುತ್ತಿದ್ದರು. ರೊಬಸ್ಟಾ ಎಂಟನೆಯ ದಿನದ ಸುಮಾರಿಗೆ ಅರಳುತ್ತದೆ, ಅರೇಬಿಕಾಕ್ಕೆ ಇನ್ನೊಂದೆರಡು ದಿನ ಬೇಕು. ಕಾಫಿ ಹೂವಿನ ಪರಿಮಳವನ್ನು ಮಲ್ಲಿಗೆಗೆ ಹೋಲಿಸುವವರಿದ್ದಾರೆ. ಅವರು ಬೆಳಗಿನ ಜಾವ ಐದಕ್ಕೆ ತೋಟದ ನಡುವೆ ನಿಂತವರಲ್ಲ. ಮಲ್ಲಿಗೆ ಮೂಗಿಗೆ ಬರುತ್ತದೆ. ಇದು ಎದೆಗೆ ಬರುತ್ತದೆ, ಸ್ವಲ್ಪ ಉಸಿರುಗಟ್ಟಿಸುತ್ತದೆ ಕೂಡ. ಅರಳುವ ಹೊತ್ತಿಗೆ ಅತ್ತೆ ಕಿಟಕಿ ತೆರೆದಿಟ್ಟು ಮಲಗುತ್ತಿದ್ದರು.

ಅವರ ಮಂಡಿ ನೋವಿಗೆ ಆಸರೆಯಾಗಲು ದೇವಾಲಯದಲ್ಲಿ ನಾನು ಹೆಂಗಸರ ಸಾಲಿನ ಅಂಚಿನಲ್ಲಿ ನಿಲ್ಲುತ್ತಿದ್ದೆ. ನಾನು ಬಾಯಿ ಮುಚ್ಚುತ್ತಿದ್ದುದು ಅವರಿಗೆ ಎಂದು ತಿಳಿಯಿತೋ ಗೊತ್ತಿಲ್ಲ. ಒಂದು ಭಾನುವಾರ ಗಮನಿಸಿದೆ: ಸರಿಯಾಗಿ ಆ ಸಾಲಿಗೆ ಬರುವಾಗ ಅವರ ದನಿ ಏರುತ್ತಿತ್ತು. ಮುಂದಿನ ವಾರವೂ ಹಾಗೇ. ನನ್ನ ಮೌನ ಯಾರ ಕಿವಿಗೂ ಬೀಳಬಾರದೆಂದು ಅದರ ಮೇಲೆ ತಮ್ಮ ದನಿಯನ್ನು ಹೊದಿಸುತ್ತಿದ್ದರು. ಆಕೆ ಆ ಮಗಳ ತಾಯಿ. ಗುಂಡಿಯ ಆ ಸದ್ದನ್ನು ನನ್ನ ಪಕ್ಕದಲ್ಲೇ ನಿಂತು ಕೇಳಿದವರು.

ನಾಚಿಕೆಯಾಗಿ ಒಮ್ಮೆ ಕೇಳಿಯೇ ಬಿಟ್ಟೆ. ‘ನಿಮಗೆ ಬರುವಾಗ ನೀವು ಹೇಳಿ. ಅಲ್ಲಿಯವರೆಗೆ ಇಬ್ಬರದನ್ನೂ ನಾನೇ ಹೇಳುತ್ತೇನೆ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಯೇಸು ಎದ್ದದ್ದನ್ನು ಶಿಷ್ಯ ತೋಮ ಎಂಟು ದಿನ ನಂಬಲಿಲ್ಲ. ಆದರೆ ಎಲ್ಲಿಗೂ ಹೋಗಲಿಲ್ಲ ನೋಡಿ, ಉಳಿದ ಶಿಷ್ಯರ ಜೊತೆಗೇ ಇದ್ದ. ಅವರೂ ಹೊರಗೆ ಹಾಕಲಿಲ್ಲ’ ಎಂದರು.

ತೋಮನ ಆ ಕತೆಯಿರುವ ಯೊವಾನ್ನನ ಶುಭಸಂದೇಶದ ಇಪ್ಪತ್ತನೆಯ ಅಧ್ಯಾಯವನ್ನು ನಾನು ರೈಟರ್‌ನ ಕಣ್ಣಿನಿಂದ ಮತ್ತೆ ಓದಿದ್ದು ಆಮೇಲೆ. ಲೆಕ್ಕ ತಿದ್ದುವವರ ಕೈಚಳಕ ನನಗೆ ಚೆನ್ನಾಗಿ ಗೊತ್ತು. ಕಟ್ಟುಕತೆಯಾಗಿದ್ದರೆ ಇದನ್ನು ಹೀಗೆ ಬರೆಯುತ್ತಿರಲಿಲ್ಲ. ಹೆಂಗಸರ ಸಾಕ್ಷ್ಯಕ್ಕೆ ಬೆಲೆ ಕಡಿಮೆಯಿದ್ದ ಆ ಕಾಲದಲ್ಲಿ ಬರಿದಾದ ಸಮಾಧಿಯನ್ನು ಮೊದಲು ಕಂಡವರು ಹೆಂಗಸರೇ ಎಂಬುದನ್ನು ಶುಭಸಂದೇಶ ಬರೆದ ನಾಲ್ವರಲ್ಲಿ ಒಬ್ಬನಾದರೂ ಮುಚ್ಚಿಡಬಹುದಿತ್ತು. ಅವರ ಮಾತು ಶಿಷ್ಯರಿಗೆ ಹರಟೆಯಂತೆ ತೋರಿತು ಎಂದು ಲೂಕ ಬರೆಯುತ್ತಾನೆ. ಗಲಿಲೇಯದ ಬೆಟ್ಟದ ಮೇಲೆ ಎದ್ದ ಯೇಸುವನ್ನು ಕಂಡು ಅಡ್ಡಬಿದ್ದವರಲ್ಲೂ ಕೆಲವರಿಗೆ ಸಂದೇಹವಿತ್ತು ಎಂದು ಮತ್ತಾಯ. ಇನ್ನು ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಕೊಡುವುದಂತೂ ಚೆಕ್‌ರೋಲ್‌ನಂಥ ಪಟ್ಟಿಯೇ: ಪೇತ್ರನಿಗೆ ಕಂಡರು, ಹನ್ನೆರಡು ಮಂದಿಗೆ ಕಂಡರು, ಒಮ್ಮೆಗೇ ಐನೂರಕ್ಕೂ ಹೆಚ್ಚು ಜನಕ್ಕೆ ಕಂಡರು, ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ. ಬೇಕಾದರೆ ಹೋಗಿ ಕೇಳು ಎಂಬ ಧಾಟಿ. ಆ ಪತ್ರ ಬರೆಯುವಾಗ ಶಿಲುಬೆಯ ಸಾವು ನಡೆದು ಸುಮಾರು ಇಪ್ಪತ್ತೈದು ವರ್ಷವಾಗಿತ್ತು. ನನ್ನ ತೋಟದಲ್ಲಿ ಇಪ್ಪತ್ತೈದು ವರ್ಷದ ಹಿಂದೆ ಯಾರು ಯಾವ ಗಿಡದ ಬುಡದಲ್ಲಿ ಜಾರಿ ಬಿದ್ದರು ಎಂದು ಇವತ್ತಿಗೂ ಹೇಳುವವರಿದ್ದಾರೆ.

ಇಷ್ಟರಿಂದ ಬಾಗಿಲು ಸ್ವಲ್ಪ ಸರಿಯಿತು, ತೆರೆಯಲಿಲ್ಲ. ತೆರೆದವನು ತೋಮನೇ. ಅವನನ್ನು ಸಂದೇಹಿ ಎಂದು ಎಷ್ಟು ಹೀನಾಯ ಮಾಡಿದ್ದೇವೆ! ಅವನು ಕೇಳಿದ್ದೇನು? ಬೆಳಕನ್ನಲ್ಲ, ಆಕಾಶವಾಣಿಯನ್ನಲ್ಲ. ಮೊಳೆಯ ಗುರುತು ಬೇಕು, ಪಕ್ಕೆಯ ಗಾಯ ಬೇಕು ಎಂದ. ಎದ್ದು ಬಂದಿರುವುದು ನಮ್ಮ ಜೊತೆ ಉಂಡು ತಿಂದು ನಡೆದಾಡಿದ ಆ ಮನುಷ್ಯನೇ ಹೌದೋ ಅಲ್ಲವೋ, ಅದನ್ನು ಹೇಳಿ ಎಂದ. ನನಗೂ ಬೇಕಾಗಿದ್ದದ್ದು ಅದೇ. ನನ್ನಾಕೆಯ ಬಲ ಮುಂಗೈ ಮೇಲೆ ಅನ್ನ ಬಸಿಯುವಾಗ ಸುಟ್ಟುಕೊಂಡ ಕಲೆಯೊಂದಿತ್ತು. ಮದುವೆಯಾದಂದಿನಿಂದ ನನ್ನನ್ನು ‘ರೀ’ ಎಂದಷ್ಟೇ ಕರೆದಳು. ಕಲೆಯಿಲ್ಲದ ಕೈ, ಬೇರೊಂದು ಕರೆ ನನಗೇಕೆ? ‘ಆತ್ಮ ಶಾಂತಿಯಿಂದಿದೆ’ ಎಂದು ಎಲ್ಲರೂ ಸಮಾಧಾನ ಹೇಳುವಾಗ ಒಳಗೊಳಗೇ ಸಿಟ್ಟು ಬರುತ್ತಿದ್ದುದು ಇದಕ್ಕೇ. ಎದ್ದ ಮೇಲೂ ಗಾಯ ಉಳಿಸಿಕೊಂಡ ದೇವರು, ಸುಟ್ಟ ಮೀನು ತಿಂದು ತೋರಿಸಿದ ದೇವರು ನಮ್ಮವನು. ಸಮಾಧಿಯ ಬಳಿ ಮಗ್ದಲದ ಮರಿಯ ಅವರನ್ನು ಯಾರೆಂದುಕೊಂಡಳು? ತೋಟದವನು ಎಂದುಕೊಂಡಳು! ಹೆಸರು ಹಿಡಿದು ಕರೆದಾಗಷ್ಟೇ ಗುರುತು ಹತ್ತಿತು. ತೋಟದಲ್ಲೇ ಬದುಕು ಕಳೆದವನು ಈ ಸಾಲನ್ನು ಅರವತ್ತು ವರ್ಷ ಗಮನಿಸದೆ ಹೋದೆನಲ್ಲ.

ಒಂದು ತಕರಾರನ್ನು ಹೇಳಿಬಿಡುತ್ತೇನೆ. ಒಣಗಿದ ಕಾಫಿ ರೆಂಬೆ ಮಳೆಗೆ ಹೂ ಬಿಡುವುದೇ ಪುನರುತ್ಥಾನ ಎಂಬ ಪ್ರಸಂಗವನ್ನು ಕೇಳಿ ಕೇಳಿ ಸಾಕಾಗಿದೆ. ರೆಂಬೆ ಸತ್ತಿರುವುದಿಲ್ಲ ಸ್ವಾಮಿ, ಮೊಗ್ಗು ಬಾಯಾರಿ ಕಾಯುತ್ತಿರುತ್ತದೆ, ಅಷ್ಟೇ. ನಿಜವಾಗಿ ಸತ್ತ ಗಿಡವನ್ನು ಯಾವ ಹೂಮಳೆಯೂ ಅರಳಿಸಿದ್ದನ್ನು ನಾನು ಕಂಡಿಲ್ಲ. ಸುಲಭದ ಹೋಲಿಕೆಯಿಂದ ವಿಶ್ವಾಸವನ್ನು ಚಿಕ್ಕದು ಮಾಡಬಾರದು. ಪಾಸ್ಖದ, ಅಂದರೆ ಈಸ್ಟರ್‌ನ, ಹಿಂದಿನ ರಾತ್ರಿಯ ಜಾಗರಣೆಯೂ ಈಗ ಚಿಕ್ಕದಾಗುತ್ತಿದೆ. ಸೃಷ್ಟಿಯ ಕತೆಯಿಂದ ಕೆಂಪು ಸಮುದ್ರ ದಾಟುವವರೆಗೆ, ಪ್ರವಾದಿಗಳವರೆಗೆ ಹಳೆಯ ಒಡಂಬಡಿಕೆಯ ಏಳು ವಾಚನಗಳಿವೆ. ಎಷ್ಟೋ ಕಡೆ ಮೂರಕ್ಕೆ ಇಳಿಸುತ್ತಾರೆ. ಜನರ ಗಮನ ಮೊಂಬತ್ತಿ ಹಿಡಿದ ಫೋಟೊದ ಮೇಲೆ, ಮನೆಯಲ್ಲಿ ಬೇಯುತ್ತಿರುವ ಮಾಂಸದ ಮೇಲೆ. ಕತ್ತಲಲ್ಲಿ ಕುಳಿತು ಕಾಯುವುದು ಯಾರಿಗೂ ಬೇಡ.

ಅತ್ತೆ ಹೋದ ಡಿಸೆಂಬರ್‌ನಲ್ಲಿ ತೀರಿಕೊಂಡರು. ಒಣ ಹವೆ, ಕಾಫಿ ಕೊಯ್ಲಿನ ಕಾಲ. ಗುಂಡಿಯಲ್ಲಿ ನೀರಿರಲಿಲ್ಲ. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದಲ್ಲಿ ಅವರ ಹೆಸರಿನಲ್ಲಿ ಒಂದು ಮೊಂಬತ್ತಿ ಹಚ್ಚಿ ಬಂದೆ. ಮರಿಯಮ್ಮನವರ ತಾಯಿ ಅಂದರೆ ಅತ್ತೆಗೆ ಬಹಳ ಸಲಿಗೆ, ಮಗಳ ಕಷ್ಟವನ್ನೆಲ್ಲ ಅಲ್ಲಿ ಒಪ್ಪಿಸುತ್ತಿದ್ದರು.

ಈ ಸಲದ ಜಾಗರಣೆಗೆ ಒಬ್ಬನೇ ಹೋದೆ. ಹೊರಗೆ ಹೊಸ ಬೆಂಕಿ ಮಂತ್ರಿಸಿದರು, ಪಾಸ್ಖ ದೀಪಕ್ಕೆ ಐದು ಗಾಯಗಳ ಗುರುತಾಗಿ ಐದು ಧೂಪದ ಕಾಳು ಚುಚ್ಚಿದರು. ದೀಪ ಕತ್ತಲ ದೇವಾಲಯದೊಳಗೆ ಹೋಯಿತು, ಒಬ್ಬರಿಂದೊಬ್ಬರಿಗೆ ಬೆಳಕು ಹರಿದು ನನ್ನ ಮೊಂಬತ್ತಿಗೂ ಬಂತು. ಅಭ್ಯಾಸಬಲದಿಂದ ಹೆಂಗಸರ ಸಾಲಿನ ಅಂಚಿನಲ್ಲೇ ನಿಂತಿದ್ದೆ. ದೀಕ್ಷಾಸ್ನಾನದ ವಚನಗಳನ್ನು ನವೀಕರಿಸುವ ಹೊತ್ತು. ಗುರುಗಳು ಒಂದೊಂದಾಗಿ ಕೇಳುತ್ತಾರೆ, ನಾವು ಉತ್ತರ ಕೊಡಬೇಕು. ಕೊನೆಯ ಪ್ರಶ್ನೆಯೊಳಗೆ ಆ ಮಾತಿದೆ.

ಪ್ರಶ್ನೆ ಮುಗಿಯಿತು. ಪಕ್ಕದಲ್ಲಿ ಏರಬೇಕಾದ ದನಿ ಏರಲಿಲ್ಲ. ಅಲ್ಲಿ ಯಾರೂ ಇರಲಿಲ್ಲ. ಇಡೀ ದೇವಾಲಯ ಉತ್ತರಿಸಿ ಸುಮ್ಮನಾದ ಮೇಲೆ ‘ವಿಶ್ವಾಸಿಸುತ್ತೇನೆ’ ಎಂಬ ಒಂದು ಒರಟು ದನಿ ಒಂಟಿಯಾಗಿ ಕೇಳಿಸಿತು. ಮುಂದಿನ ಸಾಲಿನ ಮಗುವೊಂದು ತಿರುಗಿ ನೋಡಿದಾಗ ಅದು ನನ್ನದೇ ಎಂದು ಗೊತ್ತಾಯಿತು.

ಆ ರಾತ್ರಿ ಮನೆಗೆ ಬಂದು ಮಲಗಿದ ಮೇಲೆ ಹೂಮಳೆ ಹಿಡಿಯಿತು, ಭಾನುವಾರ ಬೆಳಗಾಗುವವರೆಗೂ ಸುರಿಯಿತು. ಮುಂದಿನ ಭಾನುವಾರ ತೋಮನ ಕತೆಯ ಶುಭಸಂದೇಶ, ಪ್ರತಿ ವರ್ಷವೂ ಪಾಸ್ಖದ ನಂತರದ ಭಾನುವಾರ ಅದೇ ವಾಚನ. ಆ ಭಾನುವಾರ ಐದು ಗಂಟೆಗೆ ಎಚ್ಚರವಾಯಿತು. ಕಿಟಕಿ ತೆರೆದಿಟ್ಟು ಮಲಗಿದ್ದೆನಂತೆ, ನೆನಪಿಲ್ಲ. ಕೋಣೆಯ ತುಂಬ ಹೂವಿನ ಪರಿಮಳ, ಉಸಿರುಗಟ್ಟಿಸುವಷ್ಟು. ಹಾಸಿಗೆಯ ಮೇಲೆ ಎದ್ದು ಕುಳಿತು ಕೈ ನೋಡಿಕೊಂಡೆ. ಹೆಬ್ಬೆರಳು ಎಂಟನೆಯ ಗೆಣ್ಣಿನ ಮೇಲಿತ್ತು.